ಜೀರಿಗೆ ಬಟ್ಟಲಿನ ಬೋಲ್ಟು

ಜೀರಿಗೆಯೂ ಗ್ರೀಸೂ ಕೂಡಿದರೆ ಎಂಥ ವಾಸನೆ ಬರುತ್ತದೆ ಎಂದು ಕೇಳಿದರೆ ನೀವು ನನ್ನ ಮುಖ ನೋಡುತ್ತೀರಿ. ನಿಮ್ಮ ತಪ್ಪಲ್ಲ. ಅವೆರಡೂ ಒಂದೇ ಡಬ್ಬಿಯಲ್ಲಿ ಸೇರಿದ ಮನೆ ಇಡೀ ಸೊಲ್ಲಾಪುರದಲ್ಲಿ ನಮ್ಮದೊಂದೇ ಇದ್ದಿರಬೇಕು. ಹೋದ ವಾರ ಅಡುಗೆಮನೆಯ ಅಟ್ಟ ಒರೆಸುತ್ತಿದ್ದಾಗ, ತಳ ಸುಟ್ಟ ಪಾತ್ರೆಗಳ ಹಿಂದಿನಿಂದ ಒಂದು ಸ್ಟೀಲಿನ ಒಗ್ಗರಣೆ ಡಬ್ಬಿ ಕೈಗೆ ಬಂತು. ಮುಚ್ಚಳ ತೆಗೆದೆ. ಇಷ್ಟು ವರ್ಷವಾದ ಮೇಲೂ ಅದೇ ವಾಸನೆ, ಇಲ್ಲವೆ ಅದು ನನ್ನ ಮೂಗಿನ ನೆನಪು. ಏಣಿಯ ಮೇಲೆ ನಿಂತೇ ನಕ್ಕುಬಿಟ್ಟೆ. ಕೆಳಗೆ ಏಣಿ ಹಿಡಿದಿದ್ದ ನಮ್ಮ ಯಜಮಾನರು, "ಯಾಕ, ಇಲಿ ಐತೇನು?" ಎಂದರು.

ಏಳು ಬಟ್ಟಲಿನ ಡಬ್ಬಿ ಅದು. ಆರು ಖಾಲಿ. ಒಂದರಲ್ಲಿ ಮಾತ್ರ ಒಂದು ಬೋಲ್ಟು ಮಲಗಿತ್ತು, ಮೈಮೇಲಿನ ಸುತ್ತುಗಳೆಲ್ಲ ನುಗ್ಗಾದ, ಯಾವ ಕೆಲಸಕ್ಕೂ ಬಾರದ ಬೋಲ್ಟು. ಅದನ್ನು ಹಾಳು ಮಾಡಿದವಳು ನಾನು. ಹೇಗೆಂದು ಹೇಳಬೇಕಾದರೆ ಮೊದಲು ನಮ್ಮ ವ್ಯಾನಿನ ವಿಷಯ ಹೇಳಬೇಕು, ವ್ಯಾನಿನ ವಿಷಯಕ್ಕೆ ಹೋದರೆ ನಮ್ಮ ಅತ್ತೆಯವರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಆದ್ದರಿಂದ ಸ್ವಲ್ಪ ಸಮಾಧಾನದಿಂದ ಕೂತುಕೊಳ್ಳಿ.

ತೊಂಬತ್ತರ ದಶಕದ ಮಾತು. ನಾನು ವಿಜಾಪುರದಿಂದ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ಮಾವನವರಿಗೆ ಪೇಟೆಯಲ್ಲಿ ಚಾದರ, ಟಾವೆಲಿನ ಅಂಗಡಿ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನೇಯ್ದ ಮಾಲನ್ನು ಅಂಗಡಿಗೆ ತಂದು ಹಾಕುವುದು ನಮ್ಮ ಯಜಮಾನರ ಕೆಲಸ. ಅದಕ್ಕೆಂದೇ ಒಂದು ಬಿಳಿಯ ವ್ಯಾನು ಕೊಂಡಿದ್ದರು. ಆದರೆ ವ್ಯಾನು ಬಂದ ದಿನವೇ ಅತ್ತೆ ಅದಕ್ಕೆ ಕುಂಕುಮ ಹಚ್ಚಿ, "ಗುರುವಾರ ಇದು ನಂದು" ಎಂದು ಹೇಳಿಬಿಟ್ಟಿದ್ದರು. ಗುರುವಾರ ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಹೋಗದಿದ್ದರೆ ಅವರಿಗೆ ಆ ವಾರ ವಾರವೇ ಅಲ್ಲ. ಹೀಗಾಗಿ ಉಳಿದ ದಿನ ವ್ಯಾನಿನ ಹಿಂದಿನ ಸೀಟು ಕಳಚಿಟ್ಟು ಚಾದರದ ಗಂಟು ತುಂಬುವುದು, ಬುಧವಾರ ಸಂಜೆ ಸೀಟು ಕೂಡಿಸುವುದು, ಶುಕ್ರವಾರ ಬೆಳಿಗ್ಗೆ ಮತ್ತೆ ಬಿಚ್ಚುವುದು. ನಮ್ಮ ಮನೆಯಲ್ಲಿ ವಾರ ತಿರುಗುತ್ತಿದ್ದದ್ದು ಹೀಗೆ.

ಸೀಟಿಗೆ ನಾಲ್ಕು ಕಾಲು, ನಾಲ್ಕು ಬೋಲ್ಟು. ಮೊದಲ ದಿನ ಒಬ್ಬ ಮಿಸ್ತ್ರಿ ಬಂದು ಬಿಚ್ಚಿ ತೋರಿಸಿದಾಗ ಗಂಡಸರೆಲ್ಲ ಸುತ್ತ ನಿಂತು ತಲೆಯಾಡಿಸಿದ್ದರಂತೆ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಮಾತ್ರ, "ಯಾವ ತೂತಿನ ಬೋಲ್ಟು ಅದ ತೂತಿಗೆ ಹೋಗಬೇಕೇನಪಾ?" ಎಂದು ಕೇಳಿದರಂತೆ. ಅಳತೆ ಒಂದೇ ಆದರೂ ಹಾಗೆ ಮಾಡಿದರೆ ಒಳ್ಳೆಯದು, ಅವು ಒಂದಕ್ಕೊಂದು ರೂಢಿಯಾಗಿರುತ್ತವೆ ಎಂದ ಮಿಸ್ತ್ರಿ. ಮರುವಾರ ಮಾವ ನಾಲ್ಕನ್ನೂ ಅಂಗಿಯ ಕಿಸೆಯಲ್ಲಿ ಒಟ್ಟಿಗೆ ಹಾಕಿಕೊಂಡು, ಅರ್ಧ ದಿನ ಯಾವುದು ಎಲ್ಲಿಯದೆಂದು ಹುಡುಕಿ ಬೆವತರು. ಅತ್ತೆ ಸೀರೆಯ ಕಚ್ಚೆ ಬಿಗಿದುಕೊಂಡು ಬಂದು ಬೋಲ್ಟು ತಿರುಗಿಸುವ ಪಾನಾ ಕಸಿದುಕೊಂಡದ್ದು ಅವತ್ತೇ. ಮತ್ತೆ ಯಾರ ಕೈಗೂ ಕೊಡಲಿಲ್ಲ.

ಅವರಿಗೆ ಗೊತ್ತಿದ್ದ ವ್ಯವಸ್ಥೆ ಅಡುಗೆಮನೆಯದು. ಹಳೆಯ ಒಗ್ಗರಣೆ ಡಬ್ಬಿಯೊಂದನ್ನು ತೊಳೆದು ಬೋಲ್ಟುಗಳಿಗೆ ಕೊಟ್ಟರು. ಮುಂದಿನ ಎಡಗಾಲಿನದು ಸಾಸಿವೆ ಬಟ್ಟಲಿಗೆ, ಮುಂದಿನ ಬಲಗಾಲಿನದು ಅರಿಶಿಣದ ಬಟ್ಟಲಿಗೆ, ಹಿಂದಿನ ಬಲ ಮೆಂತ್ಯಕ್ಕೆ, ಹಿಂದಿನ ಎಡ ಜೀರಿಗೆಗೆ. ಉಳಿದ ಮೂರರಲ್ಲಿ ವಾಷರುಗಳು, ಗ್ರೀಸು ಮೆತ್ತಿದ ಬಟ್ಟೆಯ ಚೂರು, ಒಂದು ಹಳೆಯ ಹಲ್ಲುಬ್ರಶ್ಶಿನ ತಲೆ. ಕ್ರಮೇಣ ಬೋಲ್ಟುಗಳಿಗೆ ಅವೇ ಹೆಸರಾದವು. "ಮೆಂತೆ ಸ್ವಲ್ಪ ಸಡ್ಲ ಐತಿ ನೋಡು" ಎಂದು ಅತ್ತೆ ವ್ಯಾನಿನೊಳಗಿಂದ ಕೂಗಿದರೆ, ಹೊಸದಾಗಿ ಬಂದ ನಾನು ಅಡುಗೆಮನೆಗೆ ಓಡುತ್ತಿದ್ದೆ.

ಬೇಗನೆ ನನಗೂ ದೀಕ್ಷೆಯಾಯಿತು. ಸೀಟು ಇಬ್ಬರೇ ಹಿಡಿದು ಎತ್ತಬೇಕು, ಸೊಂಟ ಬಾಗಿಸಿ ಅಲ್ಲ, ಮೊಣಕಾಲು ಮಡಚಿ. ನೆಲದ ತೂತುಗಳನ್ನು ಬ್ರಶ್ಶಿನಿಂದ ಉಜ್ಜಲೇಬೇಕು, ಯಾಕೆಂದರೆ ವಾರವೆಲ್ಲ ಚಾದರದ ಗಂಟು ಉಜ್ಜಾಡಿ ನೂಲಿನ ಎಳೆಗಳು ಅಲ್ಲಿ ಹೋಗಿ ಕೂತಿರುತ್ತವೆ. ಬೋಲ್ಟನ್ನು ಮೊದಲು ಬರಿಗೈಯಿಂದ ತಿರುಗಿಸಬೇಕು. ನಾಲ್ಕೂ ಬೋಲ್ಟು ನಾಲ್ಕು ಸುತ್ತು ಕೈಯಿಂದಲೇ ಹೋದ ಮೇಲೆ ಪಾನಾ. "ಕೈಲೆ ಹೋಗಲಿಲ್ಲಂದ್ರ ಪಾನಾ ಮುಟ್ಟಬ್ಯಾಡ. ತೆಗಿ, ಒರಸು, ಮತ್ತ ಹಾಕು. ಅವಸರ ಮಾಡಿದ್ರ ಅಡ್ಡ ಹೋಗತೈತಿ" ಎಂದು ಪ್ರತಿ ಬುಧವಾರ ಹೇಳುತ್ತಿದ್ದರು, ನಾನು ಪ್ರತಿ ಬುಧವಾರ ಮೊದಲ ಸಲ ಕೇಳಿದವಳಂತೆ ತಲೆಯಾಡಿಸುತ್ತಿದ್ದೆ. ಕೊನೆಗೆ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಜಗ್ಗಬೇಕು. ವ್ಯಾನು ಅಲುಗಾಡಬೇಕು, ಸೀಟು ಅಲುಗಾಡಬಾರದು.

ಮುಂದಿನ ಸೀಟಿಗೂ ಅವರ ಕಾನೂನಿತ್ತು. ಹಿಂದೆ ಮುಂದೆ ಜಾರಿಸಿದ ಮೇಲೆ ಟಕ್ ಎಂದು ಕೊಂಡಿ ಕೂತಿತೇ ಎಂದು ಕುಂಡಿಯಿಂದ ಎರಡು ಸಲ ಅಲ್ಲಾಡಿಸಿ ನೋಡಬೇಕು. ಮಾವ ಗಿಡ್ಡ ಮನುಷ್ಯ. ಸೀಟನ್ನು ಪೂರ್ತಿ ಮುಂದೆ ಎಳೆದುಕೊಂಡು, ಕೆಳಗೆ ಮಡಚಿದ ಚಾದರ ಹಾಕಿಕೊಂಡೇ ಓಡಿಸುತ್ತಿದ್ದರು. ಒಂದು ಸಲ ಕೊಂಡಿ ಕೂತಿರಲಿಲ್ಲ. ಅಂಗಡಿಯ ಮುಂದೆ ಗಾಡಿ ಬಿಟ್ಟ ಕೂಡಲೇ ವ್ಯಾನು ಮುಂದೆ ಹೋಯಿತು, ಮಾವ ಹಿಂದೆ ಹೋದರು. ಕಾಲು ಗಾಳಿಯಲ್ಲಿ, ಕೈ ಸ್ಟೇರಿಂಗಿನಲ್ಲಿ. ಪುಣ್ಯಕ್ಕೆ ಗಾಡಿ ತಾನೇ ಜರ್ಕು ಹೊಡೆದು ನಿಂತಿತು. ಆ ಮೇಲೆ ಅವರೂ ಅಲ್ಲಾಡಿಸಿ ನೋಡುವುದನ್ನು ಬಿಡಲಿಲ್ಲ.

ಬಿಚ್ಚಿದ ಸೀಟು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಆನಿಕೊಂಡಿರುತ್ತಿತ್ತು. ಕೆಂಪು ರೆಗ್ಝಿನ್ನಿನ, ಮೆತ್ತಗಿನ ಸೀಟು. ಮನೆಗೆ ಬಂದ ದೊಡ್ಡವರನ್ನು ಅದರ ಮೇಲೇ ಕೂಡಿಸುವುದು ಮಾವನವರಿಗೆ ಒಂದು ಹೆಮ್ಮೆ. ನನ್ನ ನಾದಿನಿ ಸುನಂದಾಳನ್ನು ನೋಡಲು ಅಕ್ಕಲಕೋಟದಿಂದ ಬೀಗರು ಬಂದಾಗಲೂ ಹಾಗೇ ಮಾಡಿದರು. ವರನ ತಾಯಿ ದಪ್ಪಗಿನ, ಗಂಭೀರ ಹೆಂಗಸು. ಕೈಯಲ್ಲಿ ಚಹಾದ ಕಪ್ಪೂ ಬಸಿಯೂ ಹಿಡಿದು ಹಿಂದಕ್ಕೆ ಒರಗಿದರು. ಅವತ್ತು ಯಾರೋ ನೆಲ ಸಾರಿಸುವಾಗ ಸೀಟನ್ನು ಗೋಡೆಯಿಂದ ಮುಂದಕ್ಕೆ ಎಳೆದಿದ್ದರು, ಬೋಲ್ಟು ಇಲ್ಲದ ಸೀಟಿಗೆ ನೆಲದ ಹಂಗು ಎಲ್ಲಿಯದು? ಮುಂದಿನ ಕಾಲು ಮೇಲೆದ್ದವು, ಬೀಗಿತ್ತಿಯ ಕಾಲೂ ಮೇಲೆದ್ದವು, ಚಹಾ ಅವರ ಇಳಕಲ್ ಸೀರೆಯ ಮೇಲಿಂದ ಹರಿಯಿತು. ಸುನಂದಾ ಚಂದದ ಹುಡುಗಿ, ಅದಕ್ಕೇ ಸಂಬಂಧ ಉಳಿಯಿತು. ಬೀಗಿತ್ತಿ ಆ ದಿನ ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: "ತುಮಚ ಸೀಟ ನಮಗ ಮಾನಾ ಕೊಟ್ಟಿತು ನೋಡ್ರಿ." ಮದುವೆಯಲ್ಲೂ, ಮದುವೆಯ ನಂತರವೂ ಅವರು ಅದನ್ನು ಮರೆಯಲಿಲ್ಲ.

ಇನ್ನು ಬೋಲ್ಟಿಗೆ ಬರುತ್ತೇನೆ.

ಸುನಂದಾ ಬಸುರಿಯಾದಳು. ಏಳನೆಯ ತಿಂಗಳಿಗೆ ಅಕ್ಕಲಕೋಟದಲ್ಲಿ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ಅವಳನ್ನು ಸೊಲ್ಲಾಪುರಕ್ಕೆ ಕರೆತರಬೇಕು. ಅದಕ್ಕೆ ಮುಂಚೆ ಒಂದು ಸಲ ಗರ್ಭ ನಿಲ್ಲದೆ ಹೋಗಿತ್ತು. ಹಾಗಾಗಿ ಎರಡೂ ಮನೆಯವರು ಅವಳನ್ನು ಕೈಯಲ್ಲಿ ಹಿಡಿದ ದೀಪದಂತೆ ನೋಡಿಕೊಳ್ಳುತ್ತಿದ್ದರು. ಬಸ್ಸು ಬೇಡ, ರಿಕ್ಷಾ ಬೇಡ, ನಮ್ಮ ವ್ಯಾನಿನಲ್ಲೇ ಮೆತ್ತಗೆ ತರುವುದೆಂದು ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಲ ಮುಂಗೈ ಉಳುಕಿಸಿಕೊಂಡರು. ಯಜಮಾನರು ಮಾಲಿಗಾಗಿ ಇಚಲಕರಂಜಿಗೆ ಹೋಗಿದ್ದರು. ಅರಿಶಿಣ ಕಟ್ಟಿದ ಕೈಯನ್ನು ಎತ್ತಿ ಹಿಡಿದುಕೊಂಡು ಅತ್ತೆ ನನಗೆ ಡಬ್ಬಿ ಕೊಟ್ಟರು. "ಈ ಸಲ ನೀನ ಕೂಡಸು. ನಿನಗ ಎಲ್ಲಾ ಗೊತ್ತೈತಿ."

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ, ಬೆಳಿಗ್ಗೆ ಬೇಗ ಎದ್ದು ಮಾಡಬೇಕಾದ ಕೆಲಸ ಬಿಟ್ಟು ಮೊದಲು ಕನ್ನಡಿಯ ಮುಂದೆ ನಿಂತು ಜಡೆಗೆ ಹೂವು ಮುಡಿದುಕೊಂಡೆ. ಮಾವ ಸೀಟು ಎತ್ತಲು ಕೈ ಹಚ್ಚಿ, ಸ್ನಾನಕ್ಕೆ ಹೋದರು. ಸಾಸಿವೆ, ಅರಿಶಿಣ, ಮೆಂತ್ಯ ಮೂರೂ ಮಾತು ಕೇಳಿದವು. ಜೀರಿಗೆ ಒಂದೂವರೆ ಸುತ್ತು ಹೋಗಿ ನಿಂತಿತು. ಅಷ್ಟರಲ್ಲಿ ಒಳಗಿಂದ ಮಾವ, "ರಾಹುಕಾಲ ಹತ್ತತೈತಿ, ಹೊರಡ್ರಿ" ಎಂದು ಕೂಗಲಾರಂಭಿಸಿದರು. ಬ್ರಶ್ಶಿನಿಂದ ತೂತು ಉಜ್ಜಿರಲಿಲ್ಲವೆಂದು ನನಗೆ ನೆನಪಾಯಿತು. ಈಗ ಮತ್ತೆ ಬಿಚ್ಚಿ, ಸೀಟು ಸರಿಸಿ, ಉಜ್ಜಿ... ಪಾನಾ ಹಚ್ಚಿದೆ. ಮೈಯ ಬಲವೆಲ್ಲ ಬಿಟ್ಟು ತಿರುಗಿಸಿದೆ. ಕಿರ್ ಎಂದಿತು, ಆಮೇಲೆ ಗಟ್ಟಿಯಾಯಿತು. ಗಟ್ಟಿಯಾಯಿತಲ್ಲ, ಮತ್ತೇನು ಬೇಕು ಎಂದುಕೊಂಡು ಡಬ್ಬಿ ಮುಚ್ಚಿಟ್ಟೆ.

ಅಕ್ಕಲಕೋಟಕ್ಕೆ ಹೋಗುವಾಗ ಅತ್ತೆ ಮುಂದೆ ಮಾವನ ಪಕ್ಕ, ನಾನೊಬ್ಬಳೇ ಹಿಂದೆ. ರಸ್ತೆಯ ತಗ್ಗು ಬಂದಾಗಲೆಲ್ಲ ನನ್ನ ಎಡಗಾಲಿನ ಹಿಂದೆ ಟಿಕ್ ಎನ್ನುತ್ತಿತ್ತು. ಹಣ್ಣಿನ ಬುಟ್ಟಿ ಇರಬೇಕು ಎಂದುಕೊಂಡೆ. ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡೆ. ಆದರೂ ಟಿಕ್ ಎಂದಿತು. ಆಮೇಲೆ ನಾನು ಯೋಚಿಸುವುದನ್ನೇ ಬಿಟ್ಟೆ. ಬೇಡವಾದದ್ದನ್ನು ಕೇಳಿಸಿಕೊಳ್ಳದಿರುವ ವಿದ್ಯೆ ನನಗೆ ಚಿಕ್ಕಂದಿನಿಂದ ಚೆನ್ನಾಗಿ ಬರುತ್ತದೆ.

ಕುಬಸ ಚೆನ್ನಾಗಿ ಆಯಿತು. ಶೇಂಗಾ ಹೋಳಿಗೆ, ಕಟ್ಟಿನ ಸಾರು, ಹಸಿರು ಬಳೆ, ಹಾಡು. ಹೊರಡುವಾಗ ಬೀಗಿತ್ತಿಯೂ ಸೊಸೆಯನ್ನು ಬಿಟ್ಟು ಬರಲು ನಮ್ಮ ಜೊತೆ ಹೊರಟರು. ವ್ಯಾನಿನ ಬಾಗಿಲಲ್ಲಿ ನಿಂತು ಕೆಂಪು ಸೀಟನ್ನು ಗುರುತು ಹಿಡಿದು, "ಹೀ ಅದ ಸೀಟ ಅಲ್ಲೇನ್ರಿ, ವಿಹಿಣಬಾಯಿ?" ಎಂದು ಅತ್ತೆಯನ್ನು ಕೇಳಿದರು; ಮರಾಠಿಯಲ್ಲಿ ಬೀಗಿತ್ತಿಯನ್ನು ಕರೆಯುವುದು ಹಾಗೆ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅತ್ತೆ ನಗುತ್ತಲೇ ನನ್ನ ಕಡೆ ತಿರುಗಿ ಕೇಳಿದರು: "ನಾಕೂ ಕೈಲೆ ಹೋದ್ವು?"

ಅಷ್ಟು ಜನರ ಮುಂದೆ, ಆ ಬೀಗಿತ್ತಿಯ ಮುಂದೆ, ಸೊಸೆಯಾದವಳು ಏನು ಹೇಳಬೇಕು? "ಹೂಂ" ಎಂದೆ.

ಸುನಂದಾ ಹತ್ತಿ ಎಡಗಡೆ ಕೂತಳು, ಸರಿಯಾಗಿ ಜೀರಿಗೆಯ ಮೇಲೆ. ನಡುವೆ ನಾನು, ಆಚೆ ಬೀಗಿತ್ತಿ. ಊರು ದಾಟಿದ ಮೇಲೆ ಮೊದಲ ತಗ್ಗಿಗೇ ಟಿಕ್. ಎರಡನೆಯದಕ್ಕೆ ಟಿಕ್ ಅಲ್ಲ, ಟಕ್. ನನ್ನ ಕಿವಿಗೆ ಇನ್ನೇನೂ ಕೇಳಲಿಲ್ಲ. ಸುನಂದಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ವೈನಿ, ಇದು ಒದಿಯಾಕತ್ತೈತಿ ನೋಡ್ರಿ" ಎಂದು ನನ್ನ ಕೈ ಎಳೆದು ಅಲ್ಲಿಟ್ಟಳು. ಹೌದು, ಒದೆಯುತ್ತಿತ್ತು. ಎದುರಿಗೆ ಒಂದು ಜೋಳದ ಗಾಡಿ ಅಡ್ಡ ಬಂತು, ಮಾವ ಬ್ರೇಕು ಒತ್ತಿದರು. ಸೀಟಿನ ಎಡಮೂಲೆ ಒಂದು ಬೆರಳಿನಷ್ಟು ಎದ್ದು ಕೂತಿತು. ಇಷ್ಟು ಹೆದರಿಕೆ ನನಗೆ ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಮಾವಾರ, ಗಾಡಿ ನಿಂದರಸ್ರಿ."

"ಯಾಕವಾ, ಸುನಂದಾಗ ಹೊಟ್ಟಿ ತೊಳಸಾಕತ್ತೈತೇನು?"

"ಅಕೀಗಲ್ರಿ. ಜೀರಿಗಿ ಕೈಲೆ ಹೋಗಿಲ್ರಿ. ನಾ ಪಾನಾ ಹಚ್ಚಿ ಜಬರದಸ್ತಿ ಮಾಡೀನಿ. ಅತ್ಯಾರಿಗೆ ಸುಳ್ಳ ಹೇಳೀನಿ."

ಮಾವ ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಹತ್ತಿರದ ಹನ್ನೂರದಿಂದ ಬಂದು ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಮುದುಕರು ಅಲ್ಲಿ ಕೂತಿದ್ದರು. ಅವರಿಗೆ ಹೊತ್ತು ಹೋಗಲು ಏನಾದರೂ ಬೇಕಾಗಿತ್ತು, ನಾವು ಸಿಕ್ಕೆವು. ಜೀರಿಗೆ ಎಲ್ಲಿಗೆ ಹೋಗಬೇಕಾಗಿತ್ತು ಎಂದು ಬೀಗಿತ್ತಿಗೆ ತಿಳಿಯಲಿಲ್ಲ. ಅತ್ತೆ ಇಳಿದು ಬಂದು, ಮೊದಲು ಸುನಂದಾಳ ಕೈಹಿಡಿದು ಇಳಿಸಿ ಗಿಡದ ನೆರಳಿಗೆ ಕಳಿಸಿದರು. ಆಮೇಲೆ ನನಗೆ, "ಬಿಚ್ಚು" ಎಂದರು.

ರೇಷ್ಮೆ ಸೀರೆಯುಟ್ಟು, ಜಡೆಯಲ್ಲಿ ಹೂವು ಮುಡಿದು, ವ್ಯಾನಿನ ನೆಲದ ಮೇಲೆ ಮಂಡಿಯೂರಿ, ಗಾಡಿಯಲ್ಲೇ ಇರುತ್ತಿದ್ದ ಪಾನಾದಿಂದ ನಾನು ಬಿಚ್ಚಿದೆ. ಬೋಲ್ಟು ವಾರೆಯಾಗಿ ಹೋಗಿ ಅರ್ಧಕ್ಕೇ ಕಚ್ಚಿಕೊಂಡಿತ್ತು. ತೂತಿನ ಬಾಯಲ್ಲಿ ಏನೋ ತುರುಕಿತ್ತು. ಬ್ರಶ್ಶು ಡಬ್ಬಿಯಲ್ಲಿ, ಡಬ್ಬಿ ಮನೆಯಲ್ಲಿ. ಅತ್ತೆ ಸುತ್ತ ನೋಡಿದರು. ಆಗ ಬೀಗಿತ್ತಿ ತಮ್ಮ ತುರುಬಿಗೆ ಕೈಹಾಕಿ ಒಂದು ಉದ್ದನೆಯ ಆಕಡಾ ಎಳೆದು, "ಹೇ ಘ್ಯಾ" ಎಂದು ನನಗೆ ಕೊಟ್ಟರು. ತುರುಬು ಅರ್ಧ ಬಿಚ್ಚಿ ಹೆಗಲ ಮೇಲೆ ಬಿತ್ತು. ಆ ಕಡ್ಡಿಯಿಂದ ಕೆದಕಿದೆ. ಕೆಂಪು ಹಸಿರು ನೂಲಿನ ಒಂದು ಉಂಡೆ ಹೊರಗೆ ಬಂತು. ನಮ್ಮದೇ ಅಂಗಡಿಯ ಚಾದರದ್ದು.

"ಪಕ್ಕಾ ರಂಗ ಐತ್ರಿ" ಎಂದ ಒಬ್ಬ ಮುದುಕ. ಯಾರೂ ನಗಲಿಲ್ಲ. ಮಾವ ಮಾತ್ರ, ಅಂಗಡಿಯ ಅಭ್ಯಾಸದಿಂದ, "ಹೌದ್ರಿ, ಬಿಡಂಗಿಲ್ಲ" ಎಂದರು.

ತೂತು ಸ್ವಚ್ಛವಾದರೂ ಬೋಲ್ಟಿನ ಸುತ್ತುಗಳು ನುಗ್ಗಾಗಿದ್ದವು. ಏನು ಮಾಡಿದರೂ ಹೋಗಲಿಲ್ಲ. "ಮೂರು ಗಟ್ಟಿ ಅದಾವಲ್ಲ, ನಾ ಸಾವಕಾಶ ಹೊಡಿತೀನಿ" ಎಂದರು ಮಾವ. ಅತ್ತೆ ತಲೆಯಲ್ಲಾಡಿಸಿದರು. "ಮೂರು ಕಾಲಿನ ಸೀಟಿನ ಮ್ಯಾಲ ಯಾರೂ ಕೂಡೂದಿಲ್ಲ. ಸುನಂದಾ ಮುಂದ ಕೂಡತಾಳ. ನಾವು ಮೂರೂ ಮಂದಿ ಬಸ್ಸಿಗೆ ಬರತೀವಿ. ವಿಹಿಣಬಾಯಿ, ನಡಿತೈತೇನ್ರಿ?"

ಬೀಗಿತ್ತಿ ಸ್ವಲ್ಪ ಹೊತ್ತು ಸೀಟನ್ನು ನೋಡಿದರು. "ಚಾಲೇಲ" ಎಂದರು. "ನನಗ ಅದರ ಅನುಭವ ಐತಿ."

ಆಗ ನಗು ಬಂತು ನೋಡಿ, ಗಿಡದ ಕೆಳಗೆ ಕೂತಿದ್ದ ಸುನಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ವ್ಯಾನು ಮುಂದೆ ಹೊರಟಿತು, ಹಿಂದೆ ಖಾಲಿ ಕೆಂಪು ಸೀಟು ದೊಡ್ಡ ಸಾಹೇಬರಂತೆ ಒಂದೇ ಕೂತು ಹೋಯಿತು. ನಾವು ಮೂವರು ರೇಷ್ಮೆ ಸೀರೆಯವರು ಇಬ್ಬರು ಮುದುಕರ ಜೊತೆ ಎಸ್ಟಿ ಬಸ್ಸಿಗೆ ಕಾದೆವು.

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕಕ್ಕೆ ಕೂತರು. ಅಷ್ಟು ಹೊತ್ತು ತಡೆದಿದ್ದ ಅಳು ನನಗೆ ಅಲ್ಲಿ ಬಂತು.

"ಅಳಬ್ಯಾಡ. ಮಂದಿ ನಾ ಏನರ ಅಂದೀನಿ ಅಂತ ತಿಳಕೊಂತಾರ."

"ಅನ್ರಿ ಅತ್ಯಾರ. ಏನರ ಅನ್ರಿ."

"ಏನಂತ ಅನ್ನಲಿ? ಬಾಗಲದಾಗ ಅಷ್ಟ ಮಂದಿ ಮುಂದ ಕೇಳಿದ್ದು ನಂದೂ ತಪ್ಪ. ನಾನ ಕೈಲೆ ಜಗ್ಗಿ ನೋಡಬೇಕಾಗಿತ್ತು. ಈ ವಿಹಿಣಬಾಯಿ ನಗತಾಳ ಅಂತ ನಾನೂ ನೋಡಲಿಲ್ಲ." ಅರಿಶಿಣದ ಕೈಯಿಂದ ನನ್ನ ಕೆನ್ನೆಗೆ ಹತ್ತಿದ್ದ ಗ್ರೀಸು ಒರೆಸಲು ಹೋಗಿ ಅರಿಶಿಣವನ್ನೂ ಹಚ್ಚಿದರು. "ಇನ್ನ ಮ್ಯಾಲೆ ಡಬ್ಬಿ ನಿನ್ನ ಕಡೆ ಇರಲಿ."

"ನನ್ನ ಕಡೆ ಯಾಕ್ರಿ? ಕೆಡಿಸಿದಾಕಿ ನಾನ."

"ಅದಕ್ಕ. ನೀ ಅಂತೂ ಇನ್ನ ಹಂಗ ಮಾಡಂಗಿಲ್ಲ. ಬ್ಯಾರೆದವರಿಗೆ ಮೊದಲಿಂದ ಕಲಿಸವರು ಯಾರು?"

ಹೊಸ ಬೋಲ್ಟು ಬಂತು, ಮಿಸ್ತ್ರಿ ತೂತನ್ನು ಸರಿಮಾಡಿಕೊಟ್ಟ. ಎರಡು ತಿಂಗಳಿಗೆ ಸುನಂದಾಳಿಗೆ ಹೆಣ್ಣುಮಗು ಹುಟ್ಟಿತು, ಗೌರಿ. ಮುಂದೆ ವ್ಯಾನು ಮಾರುವವರೆಗೂ ಪ್ರತಿ ಬುಧವಾರ ಆ ಸೀಟು ಕೂಡಿಸಿದವಳು ನಾನೇ. ವ್ಯಾನಿನ ಜೊತೆ ನಾಲ್ಕು ಬೋಲ್ಟೂ ಹೋದವು. ಹಾಳಾದದ್ದು ಮಾತ್ರ ಜೀರಿಗೆ ಬಟ್ಟಲಿನಲ್ಲಿ ಉಳಿಯಿತು. ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ಅವರ ನೆನಪಾದರೆ ನನಗೆ ಅಳು ಬರುವುದಿಲ್ಲ. ಮನೆಯಲ್ಲಿ ಯಾವುದಾದರೂ ಕುರ್ಚಿ ಅಲುಗಾಡಿಸಿ ನೋಡಬೇಕೆನ್ನಿಸುತ್ತದೆ.

ಡಬ್ಬಿ ಸಿಕ್ಕ ದಿನವೇ ಗೌರಿ ಬಂದಿದ್ದಳು. ಪುಣೆಯಲ್ಲಿ ಹಲ್ಲಿನ ಡಾಕ್ಟರು. ಮಾತಿಗೆ ಕನ್ನಡ, ಓದಲು ಮರಾಠಿ. ಇದನ್ನು ಅವಳು ಓದಲಾರಳು ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಅವಳದು ಏಳು ಜನರ ದೊಡ್ಡ ಕಾರು, ಹಿಂದಿನ ಸೀಟು ಒಂದು ಪಟ್ಟಿ ಎಳೆದರೆ ತಾನೇ ಮಡಚಿಕೊಳ್ಳುತ್ತದೆ. ಎಂಟು ತಿಂಗಳ ಮಗಳನ್ನು ಅಕ್ಕಲಕೋಟದಲ್ಲಿರುವ ಅಜ್ಜಿಗೆ, ಅಂದರೆ ನಮ್ಮ ಅದೇ ಬೀಗಿತ್ತಿಗೆ, ತೋರಿಸಲು ಹೊರಟಿದ್ದಳು. ಮಗುವಿಗೆಂದು ಬೇರೆ ಒಂದು ಸಣ್ಣ ಸೀಟು. ಸಾಮಾನು ತುಂಬಲು ಅದನ್ನು ಬಿಚ್ಚಿ, ಮತ್ತೆ ಕಟ್ಟಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ, "ಸೀಟು ಗಟ್ಟಿ ಕುಂತೈತೇನವಾ?"

ಫೋನು ನೋಡುತ್ತ, "ಹೂಂ ಮಾಮಿ" ಎಂದಳು.

ಆ ಹೂಂ ನನಗೆ ಗೊತ್ತಿತ್ತು. ಬಾಯಿ ತೆರೆಯದೆ, ಮೂಗಿನಿಂದ ಬರುವ ಸಣ್ಣ ಹೂಂ. ನಾನೇ ಅಂದದ್ದು. ವಾದ ಮಾಡಲಿಲ್ಲ. ಒಳಗೆ ಹೋಗಿ ಬೋಲ್ಟು ತಂದು ಅವಳ ಅಂಗೈಯಲ್ಲಿಟ್ಟೆ.

"ಹೇ ಕಾಯ, ಮಾಮಿ?"

"ನೀ ನಿಮ್ಮವ್ವನ ಹೊಟ್ಟ್ಯಾಗ ಇದ್ದಾಗಿಂದು."

ಹೇಳಿದೆ. ನಿಮಗೆ ಇಷ್ಟು ಹೊತ್ತು ಹೇಳಿದ್ದನ್ನು ಅವಳಿಗೆ ಐದು ನಿಮಿಷದಲ್ಲಿ ಹೇಳಿದೆ, ಹೂಂ ಅಂದದ್ದನ್ನೂ ಬಿಡಲಿಲ್ಲ. ಅವಳು ನಗುತ್ತ ಕೇಳುತ್ತಿದ್ದವಳು ಕೊನೆಗೆ ನಗಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಕಾರಿನೊಳಗೆ ಬಾಗಿ, ಆ ಸಣ್ಣ ಸೀಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಅದು ಒಂದು ಗೇಣು ಮುಂದಕ್ಕೆ ಬಂತು.

ಅವಳು ಪಟ್ಟಿ ಬಿಚ್ಚಿ, ಸೀಟಿನ ಮೇಲೆ ಮೊಣಕಾಲು ಊರಿ, ಭಾರ ಬಿಟ್ಟು ಪಟ್ಟಿ ಎಳೆದಳು. ಕೊಂಡಿ ಟಕ್ ಎಂದಿತು. ಮತ್ತೆ ಜಗ್ಗಿದಳು. ಕಾರು ಅಲುಗಾಡಿತು, ಸೀಟು ಅಲುಗಾಡಲಿಲ್ಲ. ತಿರುಗಿ ನೋಡಿ, "ಆತಾ ಹೂಂ", ಈಗ ಹೂಂ, ಎಂದಳು. ಆದರೂ ಮಗುವನ್ನು ಅವಳಿಗೆ ಕೊಟ್ಟು, ನಾನೂ ಒಂದು ಸಲ ಜಗ್ಗಿ ನೋಡಿದೆ.

ಅವರು ಹೋದ ಮೇಲೆ ಒಳಗೆ ಬಂದರೆ ಡಬ್ಬಿಯ ಏಳೂ ಬಟ್ಟಲು ಖಾಲಿ. ಬೋಲ್ಟು ಗೌರಿಯ ಕೈಯಲ್ಲೇ ಹೋಗಿತ್ತು. ಫೋನು ಮಾಡಿ ಕೇಳಬೇಕೆನ್ನಿಸಲಿಲ್ಲ. ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಇಟ್ಟು, ಮರುದಿನ ಸಾಸಿವೆ, ಮೆಂತ್ಯ, ಅರಿಶಿಣ, ಜೀರಿಗೆ ತುಂಬಿದೆ. ಎಷ್ಟು ತಿಕ್ಕಿದ್ದರೂ ಮೊದಲ ಒಗ್ಗರಣೆಯಲ್ಲಿ ಸಣ್ಣಗೆ ಗ್ರೀಸಿನ ವಾಸನೆ ಬಂದೇ ಬಂತು. ನಮ್ಮ ಯಜಮಾನರು ಮೊದಲ ತುತ್ತಿಗೇ ತಲೆಯೆತ್ತಿ ನನ್ನ ಕಡೆ ನೋಡಿದರು. ತಾಟು ಮುಂದೆ ಹಿಡಿದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.